ಎರಡನೇ ಮ್ಯಾಪಿನ ಬೆಲೆ

ಇದು ಶುರುವಾದದ್ದು ಚಳಿಗಾಲದಲ್ಲಿ, ಡಿಸೆಂಬರ್ ಹತ್ತೊಂಬತ್ತು, ಶುಕ್ರವಾರ, ಬೆಳಿಗ್ಗೆ ಏಳು ಗಂಟೆಗೆ. ನಮ್ಮೂರು ಕಿಕಿಂದಾದಲ್ಲಿ ಆ ವಾರ ಹಿಮ ಬಿದ್ದಿರಲಿಲ್ಲ, ಬರೀ ಮಂಜು. ಎದುರುಮನೆಯ ಗೇಟು ಕೂಡ ಕಾಣುತ್ತಿರಲಿಲ್ಲ. ಅವತ್ತು ಸಂತ ನಿಕೊಲಾನ ದಿನ, ನಮ್ಮ ಮನೆಯ ಸ್ಲಾವ. ಮನೆತನವನ್ನು ಕಾಯುವ ಸಂತನ ದಿನ ಅದು, ಅಪ್ಪನಿಂದ ಮಗನಿಗೆ ಬರುತ್ತದೆ. ನನಗೆ ನನ್ನಪ್ಪನಿಂದ ಬಂತು. ನನ್ನಿಂದ ನನ್ನ ಮಗ ಮಿಲೊರಾದನಿಗೆ ಹೋಗಬೇಕಿತ್ತು. ಮಿಲೊರಾದ್ ನನಗಿಂತ ಮೊದಲೇ ಹೋಗಿಬಿಟ್ಟ. ಹಾಗಾಗಿ ಪಾದ್ರಿಯ ಜೊತೆ ನಿಂತು ರೊಟ್ಟಿಯನ್ನು ತಿರುಗಿಸಿ ಮುರಿಯುವುದಕ್ಕೆ ಮಿಲೊರಾದನ ಮಗ ರೆಲ್ಯಾ ಬರಬೇಕು. ಮೊದಲ ಬಸ್ಸಿಗೆ, ತಾನು ಕೆಲಸದಲ್ಲಿರುವ ನೋವಿ ಸಾದ್ ಪಟ್ಟಣದಿಂದ ಬಂದ. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು.

"ಏನೋ ಇದು ಕೈ?" ಎಂದಳು ನನ್ನ ಹೆಂಡತಿ ರಾದೋಯ್ಕಾ, ಮೀನಿನ ಪೊರೆ ತೆಗೆಯುತ್ತಿದ್ದ ಚಾಕುವನ್ನು ಕೆಳಗಿಡದೆ.

"ಏನಿಲ್ಲ ಅಜ್ಜಿ. ಮೌಸ್ ಹಿಡಿದೂ ಹಿಡಿದೂ ಊದಿದೆ."

"ನಿನ್ ತಾತ ನಲವತ್ತು ವರ್ಷ ಹೆಂಚು ಹೊತ್ತ, ಅವನ ಕೈ ಊದ್ಲಿಲ್ಲ. ನೀನು ಒಂದು ಇಲಿ ಹಿಡಿದು ಊದಿಸ್ಕೊಂಡ್ ಬಂದಿದೀಯಲ್ಲೋ!"

ರೆಲ್ಯಾನಿಗೆ ಇಪ್ಪತ್ತಮೂರು. ಅವನ ಕೆಲಸ ಕಂಪ್ಯೂಟರಿನಲ್ಲಿ ಆಟ ಆಡುವುದು. ಈ ಕಡೆ ಐದು ಜನ, ಆ ಕಡೆ ಐದು ಜನ, ಪರದೆಯೊಳಗೆ ಬಂದೂಕು. ಆಟ ನಡೆಯುವ ಜಾಗಕ್ಕೆ ಮ್ಯಾಪ್ ಎನ್ನುತ್ತಾರೆ. ಒಂದು ಬಂದರು, ಒಂದು ಗಿರಣಿ, ಒಂದು ಮಠ, ಹೀಗೆ. ಒಂದು ಪಂದ್ಯಕ್ಕೆ ಮೂರು ಮ್ಯಾಪ್, ಎರಡು ಗೆದ್ದವರು ಗೆದ್ದ ಹಾಗೆ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು, ನನಗೆ ಇಷ್ಟು ಅರ್ಥವಾಗಲು ಮೂರು ವರ್ಷ ಹಿಡಿಯಿತು. ಹದಿನಾಲ್ಕನೇ ವಯಸ್ಸಿನಿಂದಲೂ ಆಡುತ್ತಿದ್ದ ಅವನಿಗೆ ಹಿಂದಿನ ಬೇಸಿಗೆಯಲ್ಲಿ ಒಂದು ತಂಡ ಸಿಕ್ಕಿತ್ತು, ಸಂಬಳ ಸಿಕ್ಕಿತ್ತು. ವಸಂತದಲ್ಲಿ ದೊಡ್ಡ ಸಭಾಂಗಣದಲ್ಲಿ, ಜನರೆದುರು ಆಡುವುದಿತ್ತು. ತಂಡದಲ್ಲಿ ಆ ಕುರ್ಚಿ ಒಂದನ್ನು ಉಳಿಸಿಕೊಂಡರೆ ಸಾಕು ತಾತ, ಎನ್ನುತ್ತಿದ್ದ.

ಅವತ್ತು ಸಂಜೆ ಆರಕ್ಕೆ ಅವನ ಪಂದ್ಯವಿತ್ತು. ರಾದೋಯ್ಕಾ ಎಲೆಕೋಸಿನ ಎಲೆಯನ್ನು ಜಜ್ಜಿ ಮಣಿಕಟ್ಟಿಗೆ ಕಟ್ಟುತ್ತಾ, "ಇವತ್ತು ಆಡಬೇಡ, ಹಬ್ಬದ ದಿನ" ಎಂದು ಹಠ ಹಿಡಿದಳು. ಅವಳನ್ನು ಸಮಾಧಾನ ಮಾಡಲೆಂದೇ ಅವನು ಆ ಮಾತು ಹೇಳಿದ.

"ಅಜ್ಜಿ, ಪೂರ್ತಿ ಆಡಲ್ಲ ಕಣೇ. ಮೊದಲನೇ ಮ್ಯಾಪ್ ಆಡ್ತೀನಿ. ಎರಡನೇದು ಗಿರಣಿ, ಅಲ್ಲಿ ಕೈಗೆ ಕೆಲಸ ಜಾಸ್ತಿ. ಅದಕ್ಕೆ ನನ್ನ ಬದ್ಲು ನಮ್ಮ ಆರನೇ ಹುಡುಗ ಉಗ್ಲೇಶಾನ ಕೂರಿಸ್ತಾರೆ. ಮೂರನೇದು ಬಂದ್ರೆ ಮತ್ತೆ ನಾನು. ಇದು ನಮ್ಮ ಆರು ಜನಕ್ಕೆ, ಕೋಚ್‌ಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ತಾತ, ಕೇಳಿಸ್ತಾ? ಈ ಅಡುಗೆಮನೆ ದಾಟಬಾರ್ದು."

"ನಾನ್ಯಾರಿಗೆ ಹೇಳ್ಲಿ?" ಎಂದೆ.

ಹತ್ತು ಗಂಟೆಗೆ ಪಾದ್ರಿ ಬಂದರು. ಮೇಣದ ಬತ್ತಿ ಹಚ್ಚಿ, ರೊಟ್ಟಿಯ ಮೇಲೆ ವೈನ್ ಹುಯ್ದು, ರೆಲ್ಯಾನೂ ನಾನೂ ಅವರ ಜೊತೆ ಅದನ್ನು ಮೂರು ಸುತ್ತು ತಿರುಗಿಸಿ ಮುರಿದೆವು. ಹನ್ನೆರಡೂವರೆಯ ಬಸ್ಸಿಗೆ ಅವನು ಹೊರಟ. ರಾದೋಯ್ಕಾ ಅವನ ಚೀಲಕ್ಕೆ ಐದು ಜನಕ್ಕಾಗುವಷ್ಟು ಹುರುಳಿಕಾಯಿ ಬೀಜದ ಪಲ್ಯ ತುಂಬಿದಳು.

ಸ್ಲಾವಕ್ಕೆ ಯಾರನ್ನೂ ಕರೆಯುವ ಪದ್ಧತಿ ಇಲ್ಲ. ಕರೆದರೆ ಅವಮಾನ ಮಾಡಿದಂತೆ. ಬರುವವರಿಗೆ ದಿನ ಗೊತ್ತಿರುತ್ತದೆ, ಬರುತ್ತಾರೆ. ಬಾಗಿಲು ಹಾಕುವ ಹಾಗಿಲ್ಲ. ಬಂದವರಿಗೆ ಬೇಯಿಸಿದ ಗೋಧಿ ಒಂದು ಚಮಚ, ಆಮೇಲೆ ರಾಕಿಯಾ ಎಂಬ ಹಣ್ಣಿನ ಸಾರಾಯಿ, ಆಮೇಲೆ ಊಟ. ಯಾರು, ಎಲ್ಲಿಯವರು ಎಂದು ಕೇಳುವುದಿಲ್ಲ. ನನ್ನಪ್ಪನ ಕಾಲದಲ್ಲಿ ಒಂದು ಸಲ ದಾರಿ ತಪ್ಪಿದ ಲಾರಿ ಚಾಲಕನೊಬ್ಬ ಬಂದು ಎರಡು ದಿನ ಉಂಡು ಹೋದ. ಮೂರನೇ ದಿನ ಅವನ ಹೆಸರು ಗೊತ್ತಾದದ್ದು ಅವನು ಮರೆತುಹೋದ ಟೋಪಿಯ ಒಳಗಿನಿಂದ.

ಒಂದು ಗಂಟೆಗೆ ನನ್ನ ಜೊತೆ ಹೆಂಚಿನ ಕಾರ್ಖಾನೆಯಲ್ಲಿದ್ದವರು ಬಂದರು, ಏಳೆಂಟು ಜನ ಒಟ್ಟಿಗೆ. ಅವರ ಹಿಂದೆಯೇ ಇನ್ನೊಬ್ಬನೂ ಬಂದ. ನಲವತ್ತರ ಆಸುಪಾಸು, ಕಂದು ಕೋಟು, ಕ್ಷೌರ ಮಾಡಿದ ಮುಖ. ಬಾಗಿಲಲ್ಲೇ ಟೋಪಿ ತೆಗೆದು, "ಯಜಮಾನ್ರೇ, ಸ್ಲಾವ ಶುಭವಾಗ್ಲಿ" ಎಂದು ಮೂರು ಸಲ ಕೆನ್ನೆಗೆ ಕೆನ್ನೆ ತಾಗಿಸಿದ. ಶಿಲುಬೆಯ ಗುರುತು ಮಾಡಿಕೊಂಡು ಗೋಧಿ ತೆಗೆದುಕೊಂಡ. ಎಲ್ಲ ಸರಿಯಾಗಿಯೇ ಮಾಡಿದ.

ಮೇಜಿನಲ್ಲಿ ನನ್ನ ಪಕ್ಕ ಕೂತ. ಗೋಡೆಯ ಮೇಲೆ ರೆಲ್ಯಾ ತಂಡದ ಅಂಗಿ ಹಾಕಿಕೊಂಡ ಚಿತ್ರವಿದೆ. ಅದನ್ನು ನೋಡಿ ಅವನು ಗ್ಲಾಸು ಕೆಳಗಿಟ್ಟ.

"ಇವ್ರು ನಿಮ್ಮ ಮೊಮ್ಮಗ ಅಲ್ವಾ? ನಾನು ಇವರ ಒಂದು ಪಂದ್ಯಾನೂ ಬಿಟ್ಟಿಲ್ಲ."

ನಮ್ಮ ಕಾರ್ಖಾನೆಯ ಸ್ಟೆವಾ ನನ್ನ ಕಡೆ ಬೆರಳು ತೋರಿಸಿ ನಕ್ಕ. "ಪಂದ್ಯ ಅಂತೆ! ಝಿಕಾನ ಮೊಮ್ಮಗ ಕೂತಲ್ಲೇ ಕೂತು ದುಡಿಯೋನು. ಕುಂಡಿಗೆ ಮೆಡಲ್ ಕೊಡ್ಬೇಕು ಅವನಿಗೆ."

ಎಲ್ಲರೂ ನಕ್ಕರು. ನಾನೂ ನಗಬೇಕು, ಪ್ರತಿ ವರ್ಷವೂ ನಗುತ್ತೇನೆ. ಆ ಮನುಷ್ಯ ನಗಲಿಲ್ಲ.

"ತಪ್ಪು ತಿಳ್ಕೋಬೇಡಿ, ಅಣ್ಣಾ" ಎಂದ ಸ್ಟೆವಾನಿಗೆ. "ಈ ದೇಶದಲ್ಲಿ ಆ ಕೈ ಇರೋರು ಮೂರೇ ಜನ. ಗಿರಣಿಯ ಮೇಲಿನ ಕಿಟಕೀಲಿ ಇವರು ನಿಂತ್ರೆ ಕೆಳಗಡೆ ನೊಣ ಹಾರಲ್ಲ."

ಒಂಬತ್ತು ವರ್ಷದಲ್ಲಿ ಆ ಹುಡುಗನ ಬಗ್ಗೆ ನಮ್ಮ ಮೇಜಿನಲ್ಲಿ ಹಾಗೆ ಯಾರೂ ಮಾತಾಡಿರಲಿಲ್ಲ. ನಾನು ಅವನ ಗ್ಲಾಸು ತುಂಬಿದೆ. ಅವನು ಮೆಲ್ಲಗೆ, "ಇವತ್ತೂ ಎರಡನೇದು ಗಿರಣಿನೇ. ಕಣ್ತುಂಬ ನೋಡ್ತೀನಿ" ಎಂದ. ಪಾಪ, ಅಷ್ಟು ಆಸೆಯಿಂದ ಕಾಯುತ್ತಾನಲ್ಲ, ನಿರಾಸೆಯಾಗುತ್ತದಲ್ಲ ಎನಿಸಿತು. ನಾನು ಬೇಕೆಂದು ಹೇಳಲಿಲ್ಲ. ಅವನಿಗೆ ಬೇಜಾರಾಗಬಾರದೆಂದು ಹೇಳಿದೆ.

"ಎರಡನೇದರಲ್ಲಿ ಅವನಿರಲ್ಲ ಕಣಪ್ಪ. ಕೈ ಊದಿದೆ. ಬೇರೆ ಹುಡುಗ ಕೂರ್ತಾನೆ. ನೀನು ಮೊದಲನೇದು ನೋಡು, ಮೂರನೇದು ನೋಡು."

"ಅಯ್ಯೋ" ಎಂದ. "ಬೇಗ ವಾಸಿಯಾಗ್ಲಿ."

ರಾದೋಯ್ಕಾ ಮೀನು ತರುವ ಹೊತ್ತಿಗೆ ಸಿಗರೇಟಿಗೆಂದು ಅಂಗಳಕ್ಕೆ ಹೋದ. ಹತ್ತು ನಿಮಿಷದಲ್ಲಿ ಬಂದ, ಮೀನು ಉಂಡ, ಮುಳ್ಳನ್ನು ತಟ್ಟೆಯ ಅಂಚಿಗೆ ಚೊಕ್ಕಟವಾಗಿ ಜೋಡಿಸಿದ, ಅಡುಗೆಯನ್ನು ಹೊಗಳಿದ, ಎರಡು ಗಂಟೆಗೆ ಹೊರಟ. ಗೇಟಿನವರೆಗೂ ಹೋಗಿ ಬೀಳ್ಕೊಟ್ಟೆ.

ಸಂಜೆ ಪಾತ್ರೆ ತೊಳೆಯುವಾಗ ರಾದೋಯ್ಕಾ ಕೇಳಿದಳು: "ಆ ಕಂದು ಕೋಟಿನವರು ಒಳ್ಳೇ ಜನ. ನಿಮ್ಮ ಕಾರ್ಖಾನೆಯವರಾ?"

"ನಿನ್ನ ತಮ್ಮನ ಕಡೆಯವರು ಅಂದ್ಕೊಂಡೆ ನಾನು."

"ನನ್ನ ತಮ್ಮನಿಗೆ ಅಷ್ಟು ಮರ್ಯಾದಸ್ಥ ಸ್ನೇಹಿತರಿದ್ದಾರಾ, ಝಿಕಾ? ನೀನೇ ಹೇಳು."

ಇಬ್ಬರೂ ನಕ್ಕೆವು. ಎಂಟು ಗಂಟೆಯ ಸುಮಾರಿಗೆ ರೆಲ್ಯಾ ಫೋನ್ ಮಾಡಿದ. ಮೊದಲನೆಯದು ಹದಿಮೂರು ಒಂಬತ್ತು ಗೆದ್ದರು. ಗಿರಣಿಯಲ್ಲಿ ನಾಲ್ಕು ಹದಿಮೂರು ಸೋತರು. ಮೂರನೆಯದು ಮತ್ತೆ ಗೆದ್ದರು. ಪಂದ್ಯ ನಮ್ಮದೇ. ಹಿಂದೆ ಹುಡುಗರು ಹಾಡುತ್ತಿದ್ದದ್ದು ಕೇಳಿಸುತ್ತಿತ್ತು. "ಅಜ್ಜಿಯ ಪಲ್ಯ ಗೆಲ್ಲಿಸ್ತು ಅಂತಿದ್ದಾರೆ" ಎಂದ.

ಕ್ರಿಸ್‌ಮಸ್ ಚೆನ್ನಾಗಿಯೇ ಹೋಯಿತು. ಜನವರಿ ಹದಿಮೂರು, ಮಂಗಳವಾರ, ಹೇಳದೆ ಕೇಳದೆ ರೆಲ್ಯಾ ಮನೆಗೆ ಬಂದ. ಊಟಕ್ಕೆ ಕೂತು ಊಟ ಮಾಡಲಿಲ್ಲ.

"ನನ್ನನ್ನ ಹೊರಗೆ ಕೂರಿಸಿಬಿಟ್ಟಿದ್ದಾರೆ, ತಾತ. ವಿಚಾರಣೆ ಮುಗಿಯೋವರೆಗೂ ಆಡೋ ಹಾಗಿಲ್ಲ."

"ಏನು ಮಾಡ್ದೆ?"

"ಏನೂ ಮಾಡಿಲ್ಲ. ಕಂಪ್ಯೂಟರಿನಲ್ಲಿ ಬಾಜಿ ಕಟ್ಟೋರ ಒಂದು ಸಂತೆ ಇದೆ ಅಂದ್ಕೋ. ಕೋಳಿ ಮಾರಲ್ಲ, ಮೊಟ್ಟೆ ಮಾರಲ್ಲ. 'ಈ ತಂಡ ಎರಡನೇ ಮ್ಯಾಪ್ ಗೆಲ್ಲುತ್ತೆ' ಅನ್ನೋ ಮಾತು ಮಾರ್ತಾರೆ. ಗೆದ್ರೆ ಆ ಮಾತಿಗೆ ನೂರು. ಸೋತ್ರೆ ಸೊನ್ನೆ. ಅಲ್ಲೀವರೆಗೂ ಕೊಳ್ತಾ ಮಾರ್ತಾ ಇರ್ತಾರೆ."

"ಒಂದೊಂದು ಮ್ಯಾಪಿಗೂ ಬೇರೆ ಬೇರೆಯಾ?"

"ಒಂದೊಂದಕ್ಕೂ ಬೇರೆ ಬೆಲೆ. ಸ್ಲಾವದ ದಿನ ಬೆಳಿಗ್ಗೆ ನಮ್ಮ ಎರಡನೇ ಮ್ಯಾಪ್ ಅರವತ್ನಾಲ್ಕು ಇತ್ತು. ಒಂದೂ ಇಪ್ಪತ್ತೈದಕ್ಕೆ ಬೀಳೋಕೆ ಶುರುವಾಯ್ತು. ಎರಡು ಗಂಟೆಗೆ ಮೂವತ್ತೊಂದು. ಪಂದ್ಯ ಶುರುವಾಗೋಕೆ ಇನ್ನೂ ನಾಲ್ಕು ಗಂಟೆ ಇದೆ! ಮೊದಲನೇದರ ಬೆಲೆ ಅಲ್ಲಾಡ್ಲಿಲ್ಲ, ಮೂರನೇದೂ ಅಲ್ಲಾಡ್ಲಿಲ್ಲ. ಅದೊಂದೇ. ನಾನು ಕೂರಲ್ಲ ಅಂತ ಗೊತ್ತಿದ್ದೋರು ಯಾರೋ ಮಾರಿದ್ದಾರೆ. ಆ ಹೊತ್ತಲ್ಲಿ ಮಿಕ್ಕ ಐದು ಜನ, ಕೋಚ್, ಎಲ್ಲ ಒಂದೇ ಮನೇಲಿದ್ರು, ಪಂದ್ಯದ ದಿನ ಅಂತ ಅವರ ಫೋನೆಲ್ಲ ಪೆಟ್ಟಿಗೇಲಿ ಬೀಗ ಹಾಕಿತ್ತು. ಹೊರಗಿದ್ದೋನು ನಾನೊಬ್ಬ."

ರಾದೋಯ್ಕಾ ನನ್ನ ಕಡೆ ನೋಡಿದಳು. ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ. ಆಮೇಲೆ ಎಲ್ಲವನ್ನೂ ಹೇಳಿದೆ. ಕಂದು ಕೋಟು, ಗಿರಣಿಯ ಕಿಟಕಿ, ಸಿಗರೇಟು, ಮೀನು.

ರೆಲ್ಯಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಬೈಯಬಹುದಿತ್ತು. "ಯಾರವನು?" ಎಂದಷ್ಟೇ ಕೇಳಿದ.

"ಗೊತ್ತಿಲ್ಲ."

"ಹೆಸರು?"

"ಸ್ಲಾವದ ದಿನ ಹೆಸರು ಕೇಳ್ತಾರೇನೋ?"

"ಇಲ್ಲ" ಎಂದ. "ಕೇಳಲ್ಲ." ಅವನೂ ಈ ಮನೆಯವನೇ ತಾನೆ. ಆಮೇಲೆ ಹೇಳಿದ: "ತಾತ, ಇದನ್ನ ಯಾರ ಹತ್ರಾನೂ ಹೇಳಬೇಡ. ನಾನು ಯಾರಿಗೂ ಹೇಳಿಲ್ಲ ಅಂತ ಬರೆದುಕೊಟ್ಟಿದ್ದೀನಿ. ಸಹಿ ಹಾಕಿದ್ದೀನಿ. ನಿಮ್ಮಿಬ್ರನ್ನ ಇದರೊಳಗೆ ಎಳೀಬಾರ್ದು ಅಂತ."

"ನಮಗೇನಾಗುತ್ತೆ? ಜೈಲಿಗೆ ಹಾಕ್ತಾರಾ?"

"ಹೇಳಬೇಡ ಅಂದ್ನಲ್ಲ. ಸಾಕ್ಷಿ ಇಲ್ಲ ಅವರ ಹತ್ರ. ಸುಮ್ಮನಿದ್ಬಿಡು."

ನಾನು ಸುಮ್ಮನಿರಲಿಲ್ಲ. ನನ್ನ ತಪ್ಪಿಗೆ ಹುಡುಗ ತನ್ನ ಕುರ್ಚಿ ಕಳೆದುಕೊಳ್ಳುತ್ತಾನೆ, ನಾನು ಒಲೆಯ ಪಕ್ಕ ಕೂತಿರಬೇಕೆ? ಮೊದಲು ಅವತ್ತು ಬಂದಿದ್ದವರ ಮನೆಗಳಿಗೆಲ್ಲ ನಡೆದುಕೊಂಡು ಹೋದೆ. ಸ್ಟೆವಾ, "ನಿನ್ನ ನೆಂಟ ಅಲ್ವೇನೋ ಅವ್ನು? ನಿನ್ನ ಮೊಮ್ಮಗನ್ನ ಅಷ್ಟು ಹೊಗಳ್ದ" ಎಂದ. ಮೆಕ್ಕೆಜೋಳದ ಗೋದಾಮಿನ ಬೋಗೋಸಾವ್, "ಸ್ಟೆವಾನ ಪೈಕಿ ಅಂತಿದ್ದೆ" ಎಂದ. ರಾದೋಯ್ಕಾಳ ತಮ್ಮ, "ನನ್ನ ಸ್ನೇಹಿತ ಆಗಿದ್ರೆ ಅಷ್ಟು ಬೇಗ ಎದ್ದು ಹೋಗ್ತಿದ್ನಾ?" ಎಂದ. ಒಂಬತ್ತು ಮನೆ ಸುತ್ತಿದೆ. ಒಬ್ಬನಿಗೆ ಅವನ ಹಲ್ಲು ನೆನಪಿತ್ತು, ಒಬ್ಬನಿಗೆ ಬೂಟು. ಹೆಸರು ಯಾರಿಗೂ ಇಲ್ಲ. ನಮ್ಮ ಊರಿನವರು ಒಬ್ಬರನ್ನೊಬ್ಬರು ನಂಬಿ ಅವನಿಗೆ ಕುರ್ಚಿ ಬಿಟ್ಟುಕೊಟ್ಟಿದ್ದರು.

ಆಮೇಲೆ ರೆಲ್ಯಾನಿಗೆ ತಿಳಿಸದೆ ನೋವಿ ಸಾದಿಗೆ ಬಸ್ಸು ಹತ್ತಿದೆ. ಕೋಚ್ ಸ್ಟ್ರಾಹಿನ್ಯಾ ಮೂವತ್ತರ ಹುಡುಗ, ಗಡ್ಡ ಬಿಟ್ಟಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ ಎದ್ದು ನಿಂತ.

"ತಾತಾ, ನಿಜವಾಗ್ಲೂ? ಹಾಗಾದ್ರೆ ರೆಲ್ಯಾ ಮಾರಿಲ್ಲ!"

"ಅವನ್ಯಾಕೆ ಮಾರ್ತಾನೆ? ಬಾಯಿ ಬಿಟ್ಟೋನು ನಾನು."

"ಇದನ್ನ ಅವ್ರ ಮುಂದೆ ಹೇಳ್ತೀರಾ?"

"ಅದಕ್ಕೇ ಬಂದಿದ್ದು."

ಗುರುವಾರ, ಜನವರಿ ಇಪ್ಪತ್ತೆರಡು, ಮಧ್ಯಾಹ್ನ ವಿಚಾರಣೆ. ಕೋರ್ಟು ಗೀರ್ಟು ಅಲ್ಲ. ಸ್ಟ್ರಾಹಿನ್ಯಾನ ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರೊಳಗೆ ಪಂದ್ಯಾವಳಿಯ ಕಡೆಯ ಒಬ್ಬ ಹೆಂಗಸು, ಬಿಳಿ ಕೂದಲು, ಒಳ್ಳೆಯ ಮುಖ. ಯಾವ ದೇಶದಲ್ಲಿದ್ದಳೋ, ಅವಳ ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು. ಅವಳ ಮಾತನ್ನು ನಮ್ಮ ಭಾಷೆಗೆ ತಿರುಗಿಸುವ ಇನ್ನೊಬ್ಬ ಹೆಂಗಸಿನ ದನಿ ಮಾತ್ರ ಬರುತ್ತಿತ್ತು. ರೆಲ್ಯಾ ನನ್ನ ಎಡಕ್ಕೆ ಕೂತಿದ್ದ. ನಾನು ಒಳಗೆ ಬಂದಾಗ ಎದ್ದು, "ತಾತ, ಬೇಡ" ಎಂದ. ಸ್ಟ್ರಾಹಿನ್ಯಾ ಅವನ ಹೆಗಲು ಹಿಡಿದು ಕೂರಿಸಿದ.

"ಆ ವ್ಯಕ್ತಿಯ ಹೆಸರೇನು?" ಎಂದು ದನಿ ಕೇಳಿತು.

"ಗೊತ್ತಿಲ್ಲಮ್ಮ."

"ಅವರು ನಿಮ್ಮ ಮನೆಯಲ್ಲಿ ಊಟ ಮಾಡಿದರು, ಅಲ್ಲವೇ?"

"ಎರಡು ತುಂಡು ಮೀನು."

"ಹೆಸರು ಗೊತ್ತಿಲ್ಲದವರಿಗೆ ನೀವು ಊಟ ಹಾಕುತ್ತೀರಾ?"

"ಆ ದಿನ ಹಾಕ್ತೀವಿ."

ಬಿಳಿ ಕೂದಲಿನವಳು ಮುಗುಳ್ನಕ್ಕಳು. ಅಪಹಾಸ್ಯವಲ್ಲ. ಪರದೆಯ ಮೇಲೆ ಒಂದು ಗೆರೆ ತೋರಿಸಿದಳು. ಬೆಳಿಗ್ಗೆಯೆಲ್ಲ ನೆಟ್ಟಗೆ ಬಂದು, ಒಂದು ಕಡೆ ಮೆಟ್ಟಿಲಿನಂತೆ ಕೆಳಗಿಳಿದಿತ್ತು. ನಾನು ಗೂಡಿನ ಬೆಂಕಿಯ ಬಣ್ಣ ನೋಡಿ ಹೆಂಚು ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದವನು. ಈ ಗೆರೆಯನ್ನೂ ಓದಬಲ್ಲೆ ಎನಿಸಿತು. ಅವನು ಸಿಗರೇಟಿಗೆ ಎದ್ದದ್ದು ಇಲ್ಲಿ, ಎಂದು ಬೆರಳಿಟ್ಟು ತೋರಿಸಿದೆ. ನನ್ನ ಮಾತು ಅವರ ಗೆರೆಗೆ ಸರಿಯಾಗಿ ಹೊಂದಿತು. ನನಗೆ ಸಂತೋಷವಾಯಿತು. ಈಗ ನಂಬುತ್ತಾರೆ ಎಂದುಕೊಂಡೆ.

"ನಾವು ನಿಮ್ಮನ್ನು ನಂಬುತ್ತೇವೆ" ಎಂದಿತು ದನಿ. "ಎರಡನೇ ಮ್ಯಾಪಿನಲ್ಲಿ ಮೊಮ್ಮಗ ಆಡುವುದಿಲ್ಲ ಎಂದು ನಿಮಗೆ ಹೇಗೆ ಗೊತ್ತಾಯಿತು?"

"ಅವನೇ ಹೇಳ್ದ. ಬೆಳಿಗ್ಗೆ, ಅಡುಗೆಮನೇಲಿ. ಅವನಜ್ಜಿ ಹೆದರ್ಕೊಂಡಿದ್ಲು, ಅದಕ್ಕೆ."

"ಅವರೇ ಹೇಳಿದರು."

"ಹೌದಮ್ಮ."

"ಪಂದ್ಯಕ್ಕೆ ಮೊದಲು."

"ಏಳು ಗಂಟೆಗೆ ಬಂದ. ಎಂಟರ ಒಳಗೆ ಹೇಳಿರಬೇಕು."

ಎಲ್ಲವನ್ನೂ ಹೇಳಿಬಿಡಬೇಕು, ಏನನ್ನೂ ಮುಚ್ಚಿಡಬಾರದು ಎಂದು ಎಲೆಕೋಸಿನ ಎಲೆಯ ವಿಷಯವನ್ನೂ ಹೇಳಿದೆ. ಅವಳು ಬರೆದುಕೊಂಡು, ರೆಲ್ಯಾನ ಸಹಿಯಿದ್ದ ಒಂದು ಹಾಳೆಯನ್ನು ಪರದೆಯ ಮೇಲೆ ತೋರಿಸಿದಳು. ನನಗೆ ತುಂಬಾ ವಿನಯದಿಂದ ಧನ್ಯವಾದ ಹೇಳಿದಳು, ಪ್ರಾಮಾಣಿಕತೆಗಾಗಿ ಎಂದಳು. ನಾನು ರೆಲ್ಯಾನ ಕಡೆ ತಿರುಗಿದೆ. ಅವನು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮೇಜನ್ನು ನೋಡುತ್ತಿದ್ದ. ಸ್ಟ್ರಾಹಿನ್ಯಾ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಕೋಣೆಯಲ್ಲಿ ನನ್ನನ್ನು ಬಿಟ್ಟು ಎಲ್ಲರಿಗೂ ಅರ್ಥವಾಗಿತ್ತು.

ಬಸ್ ನಿಲ್ದಾಣದಲ್ಲಿ ಸ್ಟ್ರಾಹಿನ್ಯಾ ನನಗೆ ಬಿಡಿಸಿ ಹೇಳಿದ, ಚಿಕ್ಕವರಿಗೆ ಹೇಳುವ ಹಾಗೆ.

"ತಾತಾ, ಅವ್ರ ಹತ್ರ ಇದ್ದದ್ದು ಅನುಮಾನ ಮಾತ್ರ. ಬರೀ ಅನುಮಾನಕ್ಕೆ ಹೆಚ್ಚಂದ್ರೆ ವಸಂತದವರೆಗೆ ಹೊರಗೆ ಕೂರಿಸಿ ಬಿಟ್ಟುಬಿಡ್ತಿದ್ರು. ಯಾರಿಗೂ ಹೇಳಿಲ್ಲ ಅಂತ ಅವನು ಸಹಿ ಹಾಕಿದ್ದ. ನೀವು 'ನನಗೆ ಹೇಳಿದ್ದಾನೆ' ಅಂದ್ರಿ. ಈಗ ಒಳಗಿನ ಮಾತು ಹೊರಗೆ ಬಿಟ್ಟಿದ್ದು ಒಂದು, ಸುಳ್ಳು ಬರೆದುಕೊಟ್ಟಿದ್ದು ಇನ್ನೊಂದು. ಎರಡಕ್ಕೂ ಸಾಕ್ಷಿ ನೀವೇ."

"ನೀನ್ಯಾಕೆ ನನ್ನ ತಡೀಲಿಲ್ಲ?"

"ಅವನು ಏನಂತ ಸಹಿ ಹಾಕಿದ್ದಾನೆ ಅಂತ ನನಗೂ ಅಲ್ಲೇ ಗೊತ್ತಾಗಿದ್ದು."

"ನಾನು ಮತ್ತೆ ಹೋಗಿ ಹೇಳ್ತೀನಿ. ಮುದುಕ, ಮರೆವು, ಏನೇನೋ ಹೇಳ್ದೆ ಅಂತೀನಿ."

"ಗೆರೆ ಮೇಲೆ ಬೆರಳಿಟ್ಟು ತೋರಿಸಿದ್ರಲ್ಲ, ತಾತಾ" ಎಂದ. ನಾನು ಅಳುತ್ತೇನೇನೋ ಎಂದು ಹೆದರಿ ಬೆನ್ನು ತಟ್ಟಿದ.

ಫೆಬ್ರವರಿ ಎರಡರಂದು ತೀರ್ಪು ಬಂತು. ಮಾರಿದ್ದು ರೆಲ್ಯಾ ಅಲ್ಲ, ಅವನಿಗೆ ಒಂದು ದಿನಾರ್ ಕೂಡ ಬಂದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದರು. ಅದರ ಕೆಳಗೆ ಎರಡು ವರ್ಷ ಎಂದಿತ್ತು. ಎರಡು ವರ್ಷ ಯಾವ ತಂಡದಲ್ಲೂ, ಯಾವ ಮ್ಯಾಪಿನಲ್ಲೂ ಆಡುವಂತಿಲ್ಲ. ಅಷ್ಟು ಹೊತ್ತಿಗೆ ಇಪ್ಪತ್ತೈದು ದಾಟುತ್ತದೆ, ಹದಿನೇಳರ ಹುಡುಗರು ಬಂದು ಕೂತಿರುತ್ತಾರೆ ಎಂದು ರೆಲ್ಯಾ ಅಜ್ಜಿಗೆ ಹೇಳುತ್ತಿದ್ದದ್ದು ಕೇಳಿಸಿತು. ಅವನ ಕುರ್ಚಿಯನ್ನು ಉಗ್ಲೇಶಾನಿಗೆ ಕೊಟ್ಟರು. ಆ ಹುಡುಗ ಫೋನ್ ಮಾಡಿ ಅತ್ತನಂತೆ.

ಮನೆಯಲ್ಲಿದ್ದ ಒಂಬತ್ತು ದಿನ ರೆಲ್ಯಾ ನನ್ನ ಮೇಲೆ ಒಂದು ಮಾತೂ ಎತ್ತಲಿಲ್ಲ. ಕೋಳಿಗೂಡಿನ ಬಾಗಿಲು ಸರಿ ಮಾಡಿದ. ಸೌದೆ ಸೀಳಿದ, ಎಡಗೈಯಲ್ಲೇ. ಒಂದು ದಿನ ನಾನೇ ಕೇಳಿದೆ.

"ಬೈಯಾದ್ರೂ ಬೈಯೋ."

"ಏನಂತ ಬೈಲಿ, ತಾತ? ಅಡುಗೆಮನೇಲಿ ಹೇಳಿದ್ದು ನಾನು ತಾನೆ."

"ಸಹಿ ಹಾಕೋವಾಗ ನನ್ನನ್ನ ಒಂದು ಮಾತು ಕೇಳಿದ್ರೆ..."

"ಕೇಳಿದ್ರೆ ನೀನು ನಿಜ ಬರಿ ಅಂತಿದ್ದೆ."

"ಹೌದು."

"ಅದಕ್ಕೇ ಕೇಳ್ಲಿಲ್ಲ" ಎಂದು ಕೊಡಲಿಯನ್ನು ದಿಮ್ಮಿಗೆ ಹೊಡೆದು ನಿಲ್ಲಿಸಿದ.

ಅವನಿಗೆ ಸುಬೊತಿತ್ಸಾ ಪಟ್ಟಣದ ಟೈರಿನ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಪಟ್ಟಿ ಬಿಚ್ಚಿದ್ದ, ಆದರೂ ರಾದೋಯ್ಕಾ ಅವನ ಚೀಲವನ್ನು ನಿಲ್ದಾಣದವರೆಗೂ ತಾನೇ ಹೊತ್ತಳು. "ಡಿಸೆಂಬರ್‌ಗೆ ರೊಟ್ಟಿ ಮುರಿಯೋಕೆ ಬರ್ತೀಯಲ್ಲ?" ಎಂದು ಅವಳು ಕೇಳಿದಳು. ನನಗೆ ಕೇಳುವ ಧೈರ್ಯ ಇರಲಿಲ್ಲ.

"ಪಾಳಿ ಹೇಗ್ ಬೀಳುತ್ತೋ ನೋಡ್ಬೇಕು, ಅಜ್ಜಿ."

ಅವಳ ಕೆನ್ನೆಗೆ ಮೂರು ಮುತ್ತು ಕೊಟ್ಟ. ನನಗೂ ಮೂರು ಕೊಟ್ಟ, ಎಣಿಸಿಕೊಂಡೆ. ಬಸ್ಸು ಹತ್ತಿ, ನಾವು ನಿಂತಿದ್ದ ಕಡೆ ಬಿಟ್ಟು ಆ ಕಡೆಯ ಕಿಟಕಿಯ ಪಕ್ಕ ಕೂತ.

ರೆಲ್ಯಾ ಹೋದದ್ದು ಫೆಬ್ರವರಿ ಹನ್ನೊಂದು, ಬುಧವಾರ.